ರೂಟರ್ ಸ್ಕ್ರಿಪ್ಟುಗಳಲ್ಲಿ ನಕಾರ ಚಿಹ್ನೆ ಮಾಡುವ ಕೆಲಸ

ಮೈಕ್ರೋಟಿಕ್ ರೂಟರಿನ ಫೈರ್‌ವಾಲ್ (ಜಾಲದ ಸಂಚಾರದಲ್ಲಿ ಏನನ್ನು ಬಿಡಬೇಕು, ಏನನ್ನು ತಡೆಯಬೇಕೆಂದು ನಿರ್ಧರಿಸುವ ಭಾಗ) ನಿಯಮವೊಂದನ್ನು ತಿದ್ದುವ ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಮೊದಲನೆಯದರಲ್ಲಿ ‘ಸೋರ್ಸ್ ಅಡ್ರೆಸ್’ ಎಂಬ ಗುಣದ ಹೆಸರು, ಅದರ ಬೆನ್ನಿಗೆ ಸಮಚಿಹ್ನೆ, ಆಮೇಲೆ ಆಶ್ಚರ್ಯಸೂಚಕ ಚಿಹ್ನೆ, ಕೊನೆಗೆ 10.0.0.0/8 ಎಂಬ ವಿಳಾಸ (10ರಿಂದ ಆರಂಭವಾಗುವ ಎಲ್ಲ ವಿಳಾಸಗಳ ಗುಂಪು) ಇವೆ. ಎರಡನೆಯದರಲ್ಲಿ ಅದೇ ಆಶ್ಚರ್ಯಸೂಚಕ ಚಿಹ್ನೆ ಗುಣದ ಹೆಸರಿನ ಎಡಕ್ಕೆ ಅಂಟಿಕೊಂಡಿದೆ. ಸಮಚಿಹ್ನೆಯೂ ಇಲ್ಲ, ವಿಳಾಸವೂ ಇಲ್ಲ. ಮೊದಲ ಆದೇಶ ‘ಈ ವಿಳಾಸಗಳಿಂದ ಬರದ ಪ್ಯಾಕೆಟ್ಟುಗಳಿಗೆ ಮಾತ್ರ ಈ ನಿಯಮ ಅನ್ವಯಿಸಲಿ’ ಎನ್ನುತ್ತದೆ. ಎರಡನೆಯದು ‘ಎಲ್ಲಿಂದ ಬಂದಿದೆ ಎಂಬ ಷರತ್ತನ್ನೇ ಈ ನಿಯಮದಿಂದ ತೆಗೆದುಹಾಕು’ ಎನ್ನುತ್ತದೆ. ಆ ನಿಯಮ ಪ್ಯಾಕೆಟ್ಟುಗಳನ್ನು ಒಳಬಿಡುವಂಥದ್ದಾಗಿದ್ದರೆ, ಎರಡನೆಯ ಆದೇಶದ ನಂತರ ಅದು ಯಾವ ವಿಳಾಸದಿಂದ ಬಂದವರಿಗೂ ದಾರಿ ಬಿಡುತ್ತದೆ. ಎರಡೂ ಆದೇಶಗಳು ವ್ಯಾಕರಣದ ಪ್ರಕಾರ ಸರಿಯಾಗಿಯೇ ಇವೆ. ಆದ್ದರಿಂದ ರೂಟರ್ ಯಾವುದನ್ನೂ ತಡೆಯುವುದಿಲ್ಲ.

ಒಬ್ಬ ಎಂಜಿನಿಯರ್ ಒಂದು ಸಾಧನದ ಮುಂದೆ ಕುಳಿತು ಸಾಲುಗಳನ್ನು ಕೈಯಿಂದ ಬರೆಯುವಾಗ ಇಂಥ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ ಇರುತ್ತದೆ. ಒಂದು ಟೆಂಪ್ಲೇಟು ನೂರಾರು ಸಾಧನಗಳಿಗೆ ಒಮ್ಮೆಲೇ ಆದೇಶ ಕಳಿಸುವ ಕಾಲದಲ್ಲಿ ಅದು ಹಾಗೆ ಬೀಳುವುದಿಲ್ಲ. ತಪ್ಪಾದ ಒಂದು ನಕಾರ ಅಷ್ಟೂ ಸಾಧನಗಳಲ್ಲಿ ಒಂದೇ ಗಳಿಗೆಯಲ್ಲಿ ಜಾರಿಯಾಗುತ್ತದೆ. 2025ರಲ್ಲಿ ಬಿಡುಗಡೆಯಾದ, ಹಲವು ಸಾಧನಗಳನ್ನು ಒಟ್ಟಿಗೆ ಸಂರಚಿಸುವ ಆನ್ಸಿಬಲ್ ತಂತ್ರಾಂಶದ ಆನ್ಸಿಬಲ್-ಕೋರ್ 2.19 ಆವೃತ್ತಿ, ಷರತ್ತುಗಳ ಫಲಿತಾಂಶ ಕಡ್ಡಾಯವಾಗಿ ಬೂಲಿಯನ್ (ನಿಜ ಅಥವಾ ಸುಳ್ಳು) ಆಗಿರಬೇಕು ಎಂದು ನಿಯಮ ಬಿಗಿಗೊಳಿಸಿದಾಗ ಹಲವು ಹಳೆಯ ಪ್ಲೇಬುಕ್ಕುಗಳು (ಆನ್ಸಿಬಲ್ಲಿನ ಆದೇಶ ಕಡತಗಳು) ದೋಷ ತೋರಿಸತೊಡಗಿದವು. ಅಲ್ಲಿಂದೀಚೆಗೆ ಈ ವಿಷಯಕ್ಕೆ ಹೊಸ ಗಮನ ದೊರೆತಿದೆ. ಆದರೆ ಆ ಬಿಗಿಯ ಕೈಗೂ ಸಿಗದ ತಪ್ಪುಗಳು ಹೆಚ್ಚಾಗಿ ನಕಾರದ ಸುತ್ತಲೇ ಇವೆ ಎಂಬುದು ಈ ಲೇಖನದ ವಾದ. ನಕಾರ ಚಿಹ್ನೆಯನ್ನು ಓದುವಾಗ ಅದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನು ಮಾತ್ರವಲ್ಲದೆ, ಅದು ನಿರಾಕರಿಸುತ್ತಿರುವ ವಸ್ತು ಅಲ್ಲಿ ಇಲ್ಲದೇ ಹೋದರೆ ಏನಾಗುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ. ಎರಡನೆಯ ಪ್ರಶ್ನೆಯನ್ನು ಬಹುತೇಕ ಸ್ಕ್ರಿಪ್ಟುಗಳು ಕೇಳುವುದೇ ಇಲ್ಲ.

ರೂಟರ್‌ಓಎಸ್ ಭಾಷೆಯಲ್ಲಿ ನಕಾರದ ನೆಲೆಗಳು

ಲಾಟ್ವಿಯಾದ ಮೈಕ್ರೋಟಿಕ್ ಸಂಸ್ಥೆಯ ರೂಟರ್‌ಓಎಸ್ ಭಾಷೆಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಬೇರೆ ಭಾಷೆಗಳಲ್ಲಿ ಚದುರಿಹೋಗಿರುವ ನಕಾರದ ರೂಪಗಳು ಇಲ್ಲಿ ಒಂದೇ ಕಡೆ ಕಾಣಸಿಗುತ್ತವೆ. ಆವರಣದೊಳಗಿನ ಲೆಕ್ಕದಲ್ಲಿ ! ಚಿಹ್ನೆ ತಾರ್ಕಿಕ ನಕಾರವಾಗಿ ಕೆಲಸ ಮಾಡುತ್ತದೆ. ನಿಜವನ್ನು ಸುಳ್ಳಾಗಿಸುತ್ತದೆ, ಸುಳ್ಳನ್ನು ನಿಜವಾಗಿಸುತ್ತದೆ. ಸಮಚಿಹ್ನೆಯೊಡನೆ ಸೇರಿ != ಆದಾಗ ಅದು ಎರಡು ಮೌಲ್ಯಗಳು ಬೇರೆಬೇರೆಯೇ ಎಂದು ಪರಿಶೀಲಿಸುತ್ತದೆ. ಸಂಖ್ಯೆಯ ಎಡಕ್ಕೆ ಬರುವ ಕಳೆಯುವ ಚಿಹ್ನೆ ಋಣ ಸಂಖ್ಯೆಯನ್ನು ಕೊಡುತ್ತದೆ. ಅದರಲ್ಲಿ ಗೊಂದಲಕ್ಕೆ ಜಾಗವಿಲ್ಲ.

ಟಿಲ್ಡ ಚಿಹ್ನೆಯ ಕಥೆ ಹೀಗಿಲ್ಲ. ಒಂದೇ ಮೌಲ್ಯದ ಎಡಕ್ಕೆ ಬಂದರೆ ~ ಆ ಮೌಲ್ಯದ ಪ್ರತಿ ಬಿಟ್ಟನ್ನೂ ತಿರುಗಿಸುತ್ತದೆ. ರೂಟರ್‌ಓಎಸ್‌ನಲ್ಲಿ ಐಪಿ ವಿಳಾಸವೂ ಒಂದು ಸ್ವತಂತ್ರ ದತ್ತಾಂಶ ವಿಧವಾಗಿರುವುದರಿಂದ, ಈ ಚಿಹ್ನೆಯನ್ನು ನೇರವಾಗಿ ವಿಳಾಸದ ಮೇಲೆ ಪ್ರಯೋಗಿಸಬಹುದು, 0.0.0.0 ಎಂಬುದು 255.255.255.255 ಆಗುತ್ತದೆ, 255.255.255.0 ಎಂಬ ಮಾಸ್ಕ್ (ವಿಳಾಸದ ಯಾವ ಭಾಗ ಜಾಲದ್ದು ಎಂದು ತೋರಿಸುವ ಸಂಖ್ಯೆ) 0.0.0.255 ಆಗುತ್ತದೆ. ಈ ಎರಡನೆಯ ಫಲಿತಾಂಶ ತುಂಬ ಉಪಯೋಗದ್ದು. 192.168.88.77 ಎಂಬ ವಿಳಾಸವನ್ನು ತಿರುಗಿಸಿದ ಮಾಸ್ಕಿನೊಡನೆ ಬಿಟ್‌ವಾರು ‘ಅಥವಾ’ ಲೆಕ್ಕಕ್ಕೆ ಹಾಕಿದರೆ 192.168.88.255 ಎಂಬ ಬ್ರಾಡ್‌ಕಾಸ್ಟ್ ವಿಳಾಸ ಸಿಗುತ್ತದೆ. ತಿರುಗಿಸದ ಮಾಸ್ಕಿನೊಡನೆ ‘ಮತ್ತು’ ಲೆಕ್ಕಕ್ಕೆ ಹಾಕಿದರೆ 192.168.88.0 ಎಂಬ ಜಾಲದ ವಿಳಾಸ ಸಿಗುತ್ತದೆ. ಸಿಸ್ಕೊ ಸಾಧನಗಳ ಪ್ರವೇಶ ಪಟ್ಟಿಗಳಲ್ಲಿ ಬಳಸುವ ವೈಲ್ಡ್‌ಕಾರ್ಡ್ ಮಾಸ್ಕ್ ಕೂಡ ಹೀಗೆ ತಿರುಗಿಸಿದ ಮಾಸ್ಕೇ.

ಆದರೆ ಅದೇ ಟಿಲ್ಡ ಎರಡು ಮೌಲ್ಯಗಳ ನಡುವೆ ಬಂದರೆ ಅಲ್ಲಿ ನಕಾರದ ಸುಳಿವೂ ಇರುವುದಿಲ್ಲ. ಆಗ ಅದು ಎಡಗಡೆಯ ಪಠ್ಯ ಬಲಗಡೆಯ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ (ಪಠ್ಯದ ಮಾದರಿಗೆ) ಹೊಂದುತ್ತದೆಯೇ ಎಂದು ನೋಡುವ ಆಪರೇಟರ್. ಪರ್ಲ್ ಭಾಷೆಯಲ್ಲಿ ಪಳಗಿದವರು ‘ಹೊಂದದಿದ್ದರೆ’ ಎಂದು ಬರೆಯಲು !~ ಎಂಬ ಜೋಡಿ ಚಿಹ್ನೆಯನ್ನು ಹುಡುಕುತ್ತಾರೆ. ರೂಟರ್‌ಓಎಸ್‌ನ ಆಪರೇಟರುಗಳ ಪಟ್ಟಿಯಲ್ಲಿ ಅಂಥದ್ದಿಲ್ಲ. ಇಡೀ ಹೋಲಿಕೆಯನ್ನು ಆವರಣದಲ್ಲಿಟ್ಟು, ಆವರಣದ ಹೊರಗೆ ! ಹಾಕಬೇಕು. ಇದು ಕೊರತೆಯಂತೆ ಕಂಡರೂ ನನ್ನ ಮಟ್ಟಿಗೆ ಒಳ್ಳೆಯದೇ. ನಕಾರ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಆವರಣ ಓದುಗನಿಗೆ ತೋರಿಸಿಕೊಡುತ್ತದೆ.

ಸಾಧನದಲ್ಲಿರುವ ನಮೂದುಗಳನ್ನು ಹುಡುಕುವ ಫೈಂಡ್ ಆದೇಶದಲ್ಲಿ ! ಇನ್ನೊಂದು ವೇಷದಲ್ಲಿ ಬರುತ್ತದೆ. ‘ವೇರ್’ ಎಂಬ ಪದದ ನಂತರ ! ಸೇರಿಸಿ ‘ಡಿಸೇಬಲ್ಡ್’ ಎಂದು ಬರೆದರೆ ಸ್ಥಗಿತಗೊಳಿಸದ ನಮೂದುಗಳು ಸಿಗುತ್ತವೆ. ಅದೇ ರೀತಿ ‘ಡೈನಮಿಕ್’ ಎಂದು ಬರೆದರೆ ಸಾಧನ ತಾನಾಗಿ ಸೃಷ್ಟಿಸಿಕೊಳ್ಳದ, ಮನುಷ್ಯರು ಬರೆದ ನಮೂದುಗಳು ಸಿಗುತ್ತವೆ. ಗಮನಿಸಬೇಕಾದ ಅಂಶವೆಂದರೆ, ಯಾವ ನಮೂದೂ ಸಿಗದಿದ್ದರೆ ಫೈಂಡ್ ದೋಷ ತೋರಿಸುವುದಿಲ್ಲ, ಖಾಲಿ ಪಟ್ಟಿಯನ್ನು ಮರಳಿಸುತ್ತದೆ. ಆ ಖಾಲಿ ಪಟ್ಟಿಯನ್ನು ಸೆಟ್ ಆದೇಶಕ್ಕೆ ಕೊಟ್ಟರೆ ಯಾವುದೂ ಬದಲಾಗುವುದಿಲ್ಲ, ಸ್ಕ್ರಿಪ್ಟು ಸಲೀಸಾಗಿ ಮುಂದುವರಿಯುತ್ತದೆ. ಆದ್ದರಿಂದ ‘ಈ ಹೆಸರಿನ ಇಂಟರ್‌ಫೇಸ್ (ಸಂಪರ್ಕದ್ವಾರ) ಇಲ್ಲದಿದ್ದರೆ’ ಎಂದು ಹೇಳಬೇಕಾದಾಗ ಅನುಭವಿಗಳು ನಕಾರ ಚಿಹ್ನೆಯನ್ನು ಬಳಸುವುದೇ ಇಲ್ಲ; ಪಟ್ಟಿಯ ಉದ್ದ ಸೊನ್ನೆಗೆ ಸಮವೇ ಎಂದು ಕೇಳುತ್ತಾರೆ. ಹಾಗೆಯೇ ಜಾಗತಿಕ ವೇರಿಯಬಲ್ ಒಂದಕ್ಕೆ ಮೌಲ್ಯವಿದೆಯೇ ಎಂದು ತಿಳಿಯಲು ಅದರ ವಿಧವನ್ನು ಟೈಪ್‌ಆಫ್ ಆದೇಶದಿಂದ ಕೇಳಿ, ಉತ್ತರ ‘ನಥಿಂಗ್’ ಎಂದು ಬಂದಿತೇ ಎಂದು ನೋಡುತ್ತಾರೆ. ಒಂದು ಸ್ಕ್ರಿಪ್ಟಿನಲ್ಲಿ ಘೋಷಿಸಿದ ಜಾಗತಿಕ ವೇರಿಯಬಲನ್ನು ಇನ್ನೊಂದು ಸ್ಕ್ರಿಪ್ಟು ಬಳಸುವ ಮೊದಲು ಅಲ್ಲಿ ಮತ್ತೆ ಘೋಷಿಸಬೇಕಾದ ಭಾಷೆ ಇದು. ಆ ಒಂದು ಸಾಲು ಮರೆತರೆ ಮೌಲ್ಯ ಕಾಣೆಯಾಗುತ್ತದೆ, ಮತ್ತು ಕಾಣೆಯಾದದ್ದನ್ನು ಸುಳ್ಳು ಎಂದು ಎಣಿಸಿಕೊಂಡು ಬರೆದ ಷರತ್ತು ದಾರಿ ತಪ್ಪುತ್ತದೆ.

ಇದೇ ಫೈಂಡ್ ಆದೇಶದಲ್ಲಿ ಇನ್ನೊಂದು ಬಲೆಯಿದೆ. ವೇರಿಯಬಲ್ಲಿಗೆ ಗುಣದ ಹೆಸರನ್ನೇ ಇಟ್ಟರೆ, ಉದಾಹರಣೆಗೆ ‘ನೇಮ್’ ಎಂಬ ಗುಣವನ್ನು ‘ನೇಮ್’ ಎಂಬ ವೇರಿಯಬಲ್ಲಿನೊಡನೆ ಹೋಲಿಸಿದರೆ, ರೂಟರ್ ಎರಡೂ ಕಡೆ ಗುಣವನ್ನೇ ಓದುತ್ತದೆ. ಪ್ರತಿಯೊಂದು ನಮೂದಿನ ಹೆಸರೂ ತನಗೆ ತಾನು ಸಮವಾಗಿರುವುದರಿಂದ ಎಲ್ಲ ನಮೂದುಗಳೂ ಆಯ್ಕೆಯಾಗುತ್ತವೆ. ಅಲ್ಲಿ != ಬರೆದರೆ ಒಂದೂ ಆಯ್ಕೆಯಾಗುವುದಿಲ್ಲ. ಮೊದಲ ಬಗೆಯ ತಪ್ಪು ಎಲ್ಲವನ್ನೂ ಬದಲಿಸಿ ತಕ್ಷಣ ಬಯಲಾಗುತ್ತದೆ. ಎರಡನೆಯ ಬಗೆಯದು ಏನನ್ನೂ ಮಾಡದೆ ಸುಮ್ಮನಿರುವುದರಿಂದ ತಿಂಗಳುಗಟ್ಟಲೆ ಪತ್ತೆಯಾಗದೆ ಉಳಿಯಬಲ್ಲದು.

ಷರತ್ತನ್ನು ತೆಗೆದುಹಾಕುವ ! ಚಿಹ್ನೆಯನ್ನು ಆರಂಭದಲ್ಲೇ ನೋಡಿದೆವು. ಜಿಆರ್‌ಇ ಸುರಂಗದ (ಎರಡು ರೂಟರುಗಳ ನಡುವಿನ ಒಂದು ಬಗೆಯ ಸಂಪರ್ಕದ) ‘ಕೀಪ್‌ಅಲೈವ್’ ಗುಣವನ್ನು ಇಲ್ಲವಾಗಿಸುವಾಗಲೂ ಇದೇ ರೂಪ ಬರುತ್ತದೆ. ಬಳಕೆದಾರರ ಗುಂಪಿನ ಅನುಮತಿಗಳಲ್ಲಿ ಹಕ್ಕಿನ ಹೆಸರಿನ ಎಡಕ್ಕೆ ! ಇದ್ದರೆ ಆ ಹಕ್ಕು ಆ ಗುಂಪಿಗೆ ಇಲ್ಲವೆಂದು ಅರ್ಥ. ಅಲ್ಲಿಗೆ ಒಂದೇ ಚಿಹ್ನೆ ಲೆಕ್ಕದಲ್ಲಿ ಒಂದು, ಹುಡುಕಾಟದಲ್ಲಿ ಒಂದು, ಹೊಂದಾಣಿಕೆಯಲ್ಲಿ ಒಂದು, ಅಳಿಸುವಿಕೆಯಲ್ಲಿ ಇನ್ನೊಂದು ಕೆಲಸ ಮಾಡಿದಂತಾಯಿತು.

ಖಾಲಿ ಪಟ್ಟಿಯ ನಕಾರ

ಫೈರ್‌ವಾಲ್ ಹೊಂದಾಣಿಕೆಯಲ್ಲಿ ನಕಾರ ಅತಿ ಹೆಚ್ಚು ಬಳಕೆಯಾಗುತ್ತದೆ, ಅತಿ ಹೆಚ್ಚು ಹಾನಿಯನ್ನೂ ಮಾಡಬಲ್ಲದು. ಮೈಕ್ರೋಟಿಕ್‌ನ ಮನೆಬಳಕೆಯ ರೂಟರುಗಳ ಮೂಲ ಸಂರಚನೆಯಲ್ಲಿ ಒಂದು ನಿಯಮವಿದೆ: ‘ಲ್ಯಾನ್’ (ಒಳಜಾಲ) ಪಟ್ಟಿಯಲ್ಲಿಲ್ಲದ ಇಂಟರ್‌ಫೇಸಿನಿಂದ ರೂಟರಿಗೇ ಬರುವ ಪ್ಯಾಕೆಟ್ಟುಗಳನ್ನೆಲ್ಲ ಬೀಳಿಸು. ಇದನ್ನು ‘ವ್ಯಾನ್ (ಹೊರಜಾಲ) ಪಟ್ಟಿಯಲ್ಲಿರುವ ಇಂಟರ್‌ಫೇಸಿನಿಂದ ಬಂದದ್ದನ್ನು ಬೀಳಿಸು’ ಎಂದು ನಕಾರವಿಲ್ಲದೆಯೂ ಬರೆಯಬಹುದಿತ್ತು. ಎಲ್ಲ ಇಂಟರ್‌ಫೇಸುಗಳೂ ಎರಡರಲ್ಲಿ ಒಂದು ಪಟ್ಟಿಯಲ್ಲಿ ಇರುವವರೆಗೆ ಎರಡೂ ಒಂದೇ. ಹೊಸ ವಿಪಿಎನ್ ಸುರಂಗವೊಂದು ಹುಟ್ಟಿ, ಅದನ್ನು ಯಾವ ಪಟ್ಟಿಗೂ ಸೇರಿಸಲು ಯಾರೋ ಮರೆತ ದಿನ ವ್ಯತ್ಯಾಸ ಹೊರಬೀಳುತ್ತದೆ. ನಕಾರವಿರುವ ನಿಯಮ ಆ ಸುರಂಗವನ್ನು ಅಪರಿಚಿತವೆಂದು ಎಣಿಸಿ ತಡೆಯುತ್ತದೆ. ನಕಾರವಿಲ್ಲದ ನಿಯಮ ಅದನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತದೆ. ಇಲ್ಲಿ ನಕಾರವೇ ಸುರಕ್ಷಿತ ಆಯ್ಕೆ, ಏಕೆಂದರೆ ಅದು ನಮಗೆ ಗೊತ್ತಿರುವುದನ್ನು ಎಣಿಸಿಟ್ಟು ಗೊತ್ತಿಲ್ಲದ್ದೆಲ್ಲವನ್ನೂ ಹೊರಗಿಡುತ್ತದೆ.

ಇದೇ ಚಿಹ್ನೆಯನ್ನು ಒಳಬಿಡುವ ನಿಯಮದಲ್ಲಿ ಹಾಕಿದರೆ ಪರಿಣಾಮ ತಿರುಗುಮುರುಗಾಗುತ್ತದೆ. ಹಾನಿಕರ ವಿಳಾಸಗಳ ಪಟ್ಟಿಯೊಂದನ್ನು ಸ್ಕ್ರಿಪ್ಟು ಹೊರಗಿನಿಂದ ತಂದು ತುಂಬುತ್ತದೆ, ಫೈರ್‌ವಾಲಿನಲ್ಲಿ ‘ಈ ಪಟ್ಟಿಯಲ್ಲಿಲ್ಲದವರನ್ನು ಒಳಬಿಡು’ ಎಂಬ ನಿಯಮವಿದೆ ಎಂದಿಟ್ಟುಕೊಳ್ಳೋಣ. ಕಾಲಮಿತಿಯೊಡನೆ ಸೇರಿಸಿದ ವಿಳಾಸಗಳನ್ನು ರೂಟರ್‌ಓಎಸ್ ರ‍್ಯಾಮ್‌ನಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ. ಸಾಧನ ಮರುಪ್ರಾರಂಭವಾದರೆ ಅವು ಉಳಿಯುವುದಿಲ್ಲ. ವಿದ್ಯುತ್ ಹೋಗಿ ಬಂದ ಕ್ಷಣದಲ್ಲಿ ಪಟ್ಟಿ ಖಾಲಿಯಾಗಿರುತ್ತದೆ. ಖಾಲಿ ಪಟ್ಟಿಯಲ್ಲಿ ಯಾರೂ ಇಲ್ಲ; ಆದ್ದರಿಂದ ಎಲ್ಲರೂ ‘ಪಟ್ಟಿಯಲ್ಲಿಲ್ಲದವರು’. ಸ್ಕ್ರಿಪ್ಟು ಮತ್ತೆ ಓಡಿ ಪಟ್ಟಿಯನ್ನು ತುಂಬುವವರೆಗೆ ಎಲ್ಲರಿಗೂ ಪ್ರವೇಶವಿದೆ, ಮತ್ತು ಪಟ್ಟಿ ತರುವ ಸರ್ವರ್ ಅಂದು ಸಿಗದಿದ್ದರೆ ಆ ಸ್ಥಿತಿ ಎಷ್ಟು ಹೊತ್ತು ಇರುತ್ತದೆಂದು ಯಾವ ನಿಯಮವೂ ಹೇಳುವುದಿಲ್ಲ.

‘ಪಟ್ಟಿಯಲ್ಲಿರುವವರನ್ನು ಬೀಳಿಸು’ ಎಂದು ಬರೆದಿದ್ದರೂ ಖಾಲಿ ಪಟ್ಟಿ ಯಾರನ್ನೂ ತಡೆಯುತ್ತಿರಲಿಲ್ಲವಲ್ಲ, ಹಾಗಾದರೆ ವ್ಯತ್ಯಾಸವೇನು ಎಂಬ ಆಕ್ಷೇಪ ನ್ಯಾಯವಾದದ್ದು. ಫೈರ್‌ವಾಲ್ ನಿಯಮಗಳು ಮೇಲಿಂದ ಕೆಳಕ್ಕೆ ಓದಿಸಿಕೊಳ್ಳುತ್ತವೆ ಎಂಬುದರಲ್ಲಿ ಉತ್ತರವಿದೆ. ಬೀಳಿಸುವ ನಿಯಮಕ್ಕೆ ಹೊಂದದ ಪ್ಯಾಕೆಟ್ಟು ಮುಂದಿನ ನಿಯಮಕ್ಕೆ ಹೋಗುತ್ತದೆ. ಅಲ್ಲಿ ಪೋರ್ಟ್, ಪ್ರೋಟೋಕಾಲ್ ಮುಂತಾದ ಬೇರೆ ಪರೀಕ್ಷೆಗಳು ಅದಕ್ಕೆ ಕಾದಿರುತ್ತವೆ. ಒಳಬಿಡುವ ನಿಯಮಕ್ಕೆ ಹೊಂದಿದ ಪ್ಯಾಕೆಟ್ಟಿನ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ. ಕೆಳಗಿನ ಯಾವ ನಿಯಮವೂ ಅದನ್ನು ನೋಡುವುದಿಲ್ಲ. ತರ್ಕದ ಹಾಳೆಯಲ್ಲಿ ಸಮಾನವಾಗಿ ಕಾಣುವ ಎರಡು ವಾಕ್ಯಗಳು ನಿಯಮಗಳ ಸಾಲಿನಲ್ಲಿ ಸಮಾನವಾಗಿರುವುದಿಲ್ಲ. ಹಾಗಾಗಿ ಬೀಳಿಸುವ ನಿಯಮದಲ್ಲಿ ನಕಾರವನ್ನು ಧೈರ್ಯವಾಗಿ ಬಳಸಬಹುದು, ಒಳಬಿಡುವ ನಿಯಮದಲ್ಲಿ ಬಳಸಬಾರದು ಎಂಬುದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಕೊಡುವ ಸಲಹೆ.

ಒಂದೇ ನಿಯಮದಲ್ಲಿ ಎರಡು ನಕಾರಗಳಿದ್ದಾಗ ಇನ್ನೊಂದು ಎಡವಟ್ಟು ಎದುರಾಗುತ್ತದೆ. ನಿಯಮದ ಷರತ್ತುಗಳೆಲ್ಲ ‘ಮತ್ತು’ ಎಂಬ ಸಂಬಂಧದಲ್ಲಿ ಸೇರಿರುತ್ತವೆ. ಕಚೇರಿಯ ಜಾಲದಿಂದ ಟಿಸಿಪಿ 22ನೇ ಪೋರ್ಟಿಗೆ ಬರುವ ಸಂಪರ್ಕವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತಡೆಯಬೇಕೆಂದು ಒಬ್ಬರು, ಪ್ರೋಟೋಕಾಲ್ ಟಿಸಿಪಿ ಎಂದು ಬರೆದು, ಮೂಲ ವಿಳಾಸ ಕಚೇರಿಯದಲ್ಲ, ಪೋರ್ಟ್ 22 ಅಲ್ಲ ಎಂಬ ಎರಡು ನಕಾರಗಳೊಡನೆ ಒಂದೇ ಬೀಳಿಸುವ ನಿಯಮ ಬರೆಯುತ್ತಾರೆ. ಹೊರಗಿನವನೊಬ್ಬ 22ನೇ ಪೋರ್ಟನ್ನೇ ತಟ್ಟಿದರೆ ಎರಡನೆಯ ನಕಾರ ಸುಳ್ಳಾಗಿ ಇಡೀ ನಿಯಮ ಹೊಂದದೇ ಹೋಗುತ್ತದೆ, ಪ್ಯಾಕೆಟ್ಟು ಪಾರಾಗುತ್ತದೆ. ತಡೆಯಬೇಕಾಗಿದ್ದದ್ದು ಮುಖ್ಯವಾಗಿ ಅದನ್ನೇ. ಡಿ ಮಾರ್ಗನ್ ಅವರ ಸೂತ್ರ ಇಲ್ಲಿ ಪಠ್ಯಪುಸ್ತಕದ ವಿಷಯವಾಗಿ ಉಳಿಯುವುದಿಲ್ಲ: ಎರಡು ಷರತ್ತುಗಳ ಜೋಡಿಯನ್ನು ನಿರಾಕರಿಸಿದರೆ ‘ಮತ್ತು’ ಇದ್ದ ಕಡೆ ‘ಅಥವಾ’ ಬರಬೇಕು, ಆದರೆ ಒಂದೇ ನಿಯಮದೊಳಗೆ ‘ಅಥವಾ’ ಎಂದು ಬರೆಯಲು ಜಾಗವಿಲ್ಲ. ಅದೇ ನಿಯಮದಲ್ಲಿ ಟಿಸಿಪಿ ಎಂದು ಬರೆದದ್ದರಿಂದ ಯುಡಿಪಿ ಪ್ಯಾಕೆಟ್ಟುಗಳೂ ನಕಾರದ ವ್ಯಾಪ್ತಿಗೆ ಬಾರದೆ ಉಳಿದವು. ಪರಿಹಾರ ಸರಳ: ಬೇಕಾದದ್ದನ್ನು ಎರಡೂ ಷರತ್ತುಗಳೊಡನೆ ನಕಾರವಿಲ್ಲದೆ ಮೊದಲು ಒಳಬಿಟ್ಟು, ಅದರ ಕೆಳಗೆ ಷರತ್ತಿಲ್ಲದ ಒಂದು ಬೀಳಿಸುವ ನಿಯಮ ಇಡುವುದು. ಒಂದೇ ಗುಣಕ್ಕೆ ಹಲವು ಮೌಲ್ಯಗಳಿದ್ದಾಗ ಮಾತ್ರ ಚಿಂತೆಯಿಲ್ಲ. ಪೋರ್ಟುಗಳ ಪಟ್ಟಿಯ ಎಡಕ್ಕೆ ಬಂದ ! ಮೊದಲ ಪೋರ್ಟಿಗೆ ಸೀಮಿತವಾಗದೆ ಇಡೀ ಪಟ್ಟಿಗೆ ಅನ್ವಯಿಸುತ್ತದೆ. 80,443 ಎಂಬುದರ ಎಡಕ್ಕೆ ಅದು ಬಂದರೆ ಎರಡರಲ್ಲಿ ಯಾವುದೂ ಅಲ್ಲದ ಪೋರ್ಟು ಎಂದರ್ಥ.

ಸಿಸ್ಕೊ ಐಓಎಸ್‌ನಲ್ಲಿ ಇದೇ ಬಗೆಯ ತೊಡಕು ‘ನೋ’ ಎಂಬ ಆದೇಶದ ಸುತ್ತ ಇದೆ. ಅದು ಆಪರೇಟರ್ ಅಲ್ಲ, ಸಾಲೊಂದನ್ನು ಹಿಂತೆಗೆಯುವ ಪೂರ್ವಪದ. ಸಂಖ್ಯೆಯಿಂದ ಗುರುತಿಸುವ ಹಳೆಯ ಪ್ರವೇಶ ಪಟ್ಟಿಗಳಲ್ಲಿ ಒಂದು ಸಾಲನ್ನು ತೆಗೆಯಲೆಂದು ಇಡೀ ಸಾಲಿನ ಎಡಕ್ಕೆ ‘ನೋ’ ಬರೆದರೆ ಪಟ್ಟಿಯೇ ಪೂರ್ತಿ ಅಳಿಸಿಹೋಗುತ್ತದೆ. ಇಂಟರ್‌ಫೇಸಿನಲ್ಲಿ ಹೆಸರಿಸಿರುವ ಪ್ರವೇಶ ಪಟ್ಟಿ ಸಾಧನದಲ್ಲಿ ಇಲ್ಲವೇ ಇಲ್ಲ ಎಂದಾದರೆ ಐಓಎಸ್ ಎಲ್ಲವನ್ನೂ ಬಿಡುತ್ತದೆ. ಆದರೆ ಒಂದೇ ಒಂದು ಸಾಲು ಸೇರಿದ ಕೂಡಲೇ ಕೊನೆಯಲ್ಲಿ ಅಡಗಿರುವ ‘ಉಳಿದದ್ದೆಲ್ಲ ಬೇಡ’ ಎಂಬ ನಿಯಮ ಜಾಗೃತವಾಗುತ್ತದೆ. ಪಟ್ಟಿಯನ್ನು ಅಳಿಸಿ ಮತ್ತೆ ಸಾಲುಸಾಲಾಗಿ ಬರೆಯುವ ಸ್ಕ್ರಿಪ್ಟು ಕೆಲವೇ ಕ್ಷಣಗಳಲ್ಲಿ ಎಲ್ಲವನ್ನೂ ತೆರೆದು, ಮರುಕ್ಷಣ ತನ್ನ ಸಂಪರ್ಕವನ್ನೇ ಕಡಿದುಕೊಳ್ಳಬಲ್ಲದು.

ಸ್ಲ್ಯಾಕ್ಸ್ ಭಾಷೆಯಲ್ಲಿ ಎರಡು ಬಗೆಯ ‘ಸಮವಲ್ಲ’

ಜುನಿಪರ್ ಸಾಧನಗಳ ಜೂನೋಸ್ ವ್ಯವಸ್ಥೆಯಲ್ಲಿ, ಸಂರಚನೆ ಜಾರಿಯಾಗುವ ಮುನ್ನ ಅದನ್ನು ಪರಿಶೀಲಿಸುವ ಕಮಿಟ್ ಸ್ಕ್ರಿಪ್ಟುಗಳನ್ನು ಬರೆಯಲು ಸ್ಲ್ಯಾಕ್ಸ್ ಎಂಬ ಭಾಷೆಯಿದೆ. ಮೇಲ್ನೋಟಕ್ಕೆ ಸಿ ಅಥವಾ ಪರ್ಲ್ ಭಾಷೆಯಂತೆ ಕಾಣುವ ಇದು ಒಳಗೆ, ಎಕ್ಸ್‌ಎಂಎಲ್ ದಾಖಲೆಗಳನ್ನು ಬದಲಿಸುವ ಎಕ್ಸ್‌ಎಸ್‌ಎಲ್‌ಟಿ 1.0 ಭಾಷೆಯ ಇನ್ನೊಂದು ಬರವಣಿಗೆಯ ರೂಪ. ಅದರ ಹೋಲಿಕೆಗಳೆಲ್ಲ 1999ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ ಅಂಗೀಕರಿಸಿದ ಎಕ್ಸ್‌ಪಾತ್ 1.0ರ ನಿಯಮಗಳಂತೆ ನಡೆಯುತ್ತವೆ. ಬೇರೆ ಭಾಷೆಗಳಿಂದ ಬಂದವರು ಎಡವುವುದು ಇಲ್ಲೇ.

ಎಕ್ಸ್‌ಪಾತ್‌ನಲ್ಲಿ ಒಂದು ದಾರಿಯನ್ನು ಬರೆದರೆ ಸಿಗುವುದು ಒಂದು ಮೌಲ್ಯವಲ್ಲ, ನೋಡುಗಳ (ಎಕ್ಸ್‌ಎಂಎಲ್ ವೃಕ್ಷದ ಘಟಕಗಳ) ಗಣ. ಆ ಗಣವನ್ನು ಒಂದು ಪಠ್ಯದೊಡನೆ = ಮೂಲಕ ಹೋಲಿಸಿದರೆ, ಗಣದಲ್ಲಿ ಅದಕ್ಕೆ ಸಮವಾದ ನೋಡು ಒಂದಾದರೂ ಇದೆಯೇ ಎಂಬುದು ಪ್ರಶ್ನೆ. != ಮೂಲಕ ಹೋಲಿಸಿದರೆ, ಸಮವಲ್ಲದ ನೋಡು ಒಂದಾದರೂ ಇದೆಯೇ ಎಂಬುದು ಪ್ರಶ್ನೆ. ಇವೆರಡು ಒಂದರ ವಿರುದ್ಧ ಇನ್ನೊಂದಲ್ಲ. ಎರಡೂ ಏಕಕಾಲಕ್ಕೆ ನಿಜವಾಗಬಹುದು, ಎರಡೂ ಏಕಕಾಲಕ್ಕೆ ಸುಳ್ಳೂ ಆಗಬಹುದು.

ಉದಾಹರಣೆಗೆ, ಪ್ರತಿ ಸಾಧನದಲ್ಲೂ ಡಿಎನ್‌ಎಸ್ ಸರ್ವರುಗಳ ಪಟ್ಟಿಯಲ್ಲಿ 192.0.2.53 ಇರಲೇಬೇಕು, ಇಲ್ಲದಿದ್ದರೆ ಕಮಿಟ್ ನಿಲ್ಲಬೇಕು ಎಂಬ ನಿಯಮ ಮಾಡಬೇಕಾಗಿದೆ. ಅವಸರದಲ್ಲಿ ಬರೆಯುವವರು ಸರ್ವರಿನ ಹೆಸರು != 192.0.2.53 ಆಗಿದ್ದರೆ ದೋಷ ಎಂದು ಬರೆಯುತ್ತಾರೆ. ಪಟ್ಟಿಯಲ್ಲಿ ಆ ಒಂದೇ ವಿಳಾಸ ಇದ್ದಾಗ ಸ್ಕ್ರಿಪ್ಟು ಸರಿಯಾಗಿ ನಡೆಯುತ್ತದೆ, ಅದನ್ನು ನೋಡಿ ಪರೀಕ್ಷೆ ಮುಗಿಯಿತೆಂದು ಎಣಿಸುತ್ತಾರೆ. ಬೇಕಾದ ವಿಳಾಸದ ಜೊತೆಗೆ ಇನ್ನೊಂದು ಸರ್ವರ್ ಇದ್ದರೆ, ಆ ಇನ್ನೊಂದು ‘ಸಮವಲ್ಲ’ವಾದ್ದರಿಂದ, ಎಲ್ಲ ಸರಿಯಿದ್ದರೂ ಕಮಿಟ್ ನಿಲ್ಲುತ್ತದೆ. ಇದಕ್ಕಿಂತ ಕೆಟ್ಟದ್ದು ಮೂರನೆಯ ಸ್ಥಿತಿ: ಪಟ್ಟಿಯಲ್ಲಿ ಒಂದೂ ಸರ್ವರ್ ಇಲ್ಲದಿದ್ದರೆ ಗಣ ಖಾಲಿಯಾಗಿರುತ್ತದೆ, ಸಮವಲ್ಲದ ನೋಡು ಕೂಡ ಅದರಲ್ಲಿ ಇರುವುದಿಲ್ಲ, ಷರತ್ತು ಸುಳ್ಳಾಗುತ್ತದೆ, ಕಮಿಟ್ ನಿರಾತಂಕವಾಗಿ ಮುಂದುವರಿಯುತ್ತದೆ. ಹಿಡಿಯಲೇಬೇಕಾಗಿದ್ದ ಸ್ಥಿತಿಯೇ ಹೀಗೆ ತಪ್ಪಿಸಿಕೊಳ್ಳುತ್ತದೆ. ಸಮವಾಗಿದೆಯೇ ಎಂಬ ಹೋಲಿಕೆಯನ್ನು ಮೊದಲು ಪೂರ್ತಿಯಾಗಿ ಮಾಡಿ, ಆ ಉತ್ತರವನ್ನು ನಾಟ್ ಫಂಕ್ಷನ್ನಿಗೆ ಕೊಟ್ಟರೆ ಮೂರೂ ಸ್ಥಿತಿಗಳಲ್ಲಿ ಬೇಕಾದ ಫಲಿತಾಂಶ ಬರುತ್ತದೆ. ಗಣದ ಒಳಗಿನ ಸದಸ್ಯರನ್ನು ನಿರಾಕರಿಸುವುದು ಬೇರೆ, ಗಣದ ಬಗ್ಗೆ ಕೊಟ್ಟ ಉತ್ತರವನ್ನು ನಿರಾಕರಿಸುವುದು ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಭಾಷೆಯನ್ನು ನಾನು ಕಂಡಿಲ್ಲ.

ನಾಟ್ ಫಂಕ್ಷನ್ನಿಗೂ ತನ್ನದೇ ಬಲೆಯಿದೆ. ಅದು ತನಗೆ ಬಂದದ್ದನ್ನು ಮೊದಲು ಬೂಲಿಯನ್ನಾಗಿ ಬದಲಿಸಿಕೊಳ್ಳುತ್ತದೆ. ಖಾಲಿ ಗಣ ಸುಳ್ಳು, ಖಾಲಿ ಪಠ್ಯ ಸುಳ್ಳು, ಸೊನ್ನೆ ಎಂಬ ಸಂಖ್ಯೆ ಸುಳ್ಳು. ಆದರೆ ಸೊನ್ನೆ ಎಂಬ ಅಕ್ಷರವಿರುವ ಪಠ್ಯ ಖಾಲಿಯಲ್ಲವಾದ್ದರಿಂದ ನಿಜ. ಸ್ಲ್ಯಾಕ್ಸ್‌ನಲ್ಲಿ ಟೆಂಪ್ಲೇಟೊಂದನ್ನು ಕರೆದು ಅದರ ಫಲಿತಾಂಶವನ್ನು ವೇರಿಯಬಲ್ಲಿಗೆ ತುಂಬಿಕೊಂಡಾಗ ಸಿಗುವುದು ಎಕ್ಸ್‌ಎಸ್‌ಎಲ್‌ಟಿ 1.0ರ ಪರಿಭಾಷೆಯಲ್ಲಿ ಫಲಿತಾಂಶ ವೃಕ್ಷದ ತುಣುಕು. ಒಳಗೆ ಏನೂ ಇಲ್ಲದಿದ್ದರೂ ಆ ತುಣುಕಿಗೆ ಒಂದು ಬೇರು ಇದ್ದೇ ಇರುತ್ತದೆ, ಹಾಗಾಗಿ ಅದು ಯಾವಾಗಲೂ ನಿಜ, ಅದರ ನಕಾರ ಯಾವಾಗಲೂ ಸುಳ್ಳು. ‘ಟೆಂಪ್ಲೇಟು ಏನನ್ನೂ ಕೊಡದಿದ್ದರೆ ಎಚ್ಚರಿಸು’ ಎಂಬ ಷರತ್ತನ್ನು ನೇರವಾಗಿ ಆ ವೇರಿಯಬಲ್ಲಿನ ಮೇಲೆ ಬರೆದರೆ ಅದು ಎಂದೂ ಎಚ್ಚರಿಸುವುದಿಲ್ಲ. ತುಣುಕನ್ನು ನೋಡುಗಳ ಗಣವಾಗಿ ಬದಲಿಸಿ, ಬೇರಿನ ಕೆಳಗೆ ನಿರ್ದಿಷ್ಟ ನೋಡು ಇದೆಯೇ ಎಂದು ಕೇಳಬೇಕು.

ಟೆಂಪ್ಲೇಟುಗಳಲ್ಲಿ, ಪ್ಲೇಬುಕ್ಕುಗಳಲ್ಲಿ

ಮಾದರಿ ಪಠ್ಯದಲ್ಲಿ ಮೌಲ್ಯಗಳನ್ನು ತುಂಬುವ ಜಿಂಜಾ2 ಟೆಂಪ್ಲೇಟುಗಳಿಂದ ಸಂರಚನೆ ಬರೆಸುವ ಕಡೆ ನಕಾರದ ಅಪಾಯ ಕಾಗುಣಿತದಲ್ಲಿ ಅಡಗಿರುತ್ತದೆ. ಜಿಂಜಾ2 ತನ್ನ ಮೂಲ ಸ್ಥಿತಿಯಲ್ಲಿ, ಇಲ್ಲದ ವೇರಿಯಬಲನ್ನು ದೋಷವೆಂದು ಸಾರುವ ಬದಲು ಷರತ್ತುಗಳಲ್ಲಿ ಸುಳ್ಳು ಎಂದು ಎಣಿಸುತ್ತದೆ. ಪೋರ್ಟನ್ನು ಮುಚ್ಚಬೇಕು ಎಂಬ ಗುಣ ಇಲ್ಲದಿದ್ದರೆ ‘ನೋ ಶಟ್‌ಡೌನ್’ (ಪೋರ್ಟನ್ನು ತೆರೆ ಎಂಬ ಆದೇಶ) ಬರೆ ಎಂಬ ಟೆಂಪ್ಲೇಟಿನಲ್ಲಿ ಆ ಗುಣದ ಹೆಸರಿನ ಒಂದಕ್ಷರ ತಪ್ಪಿದರೆ, ಪ್ರತಿ ಪೋರ್ಟಿನಲ್ಲೂ ಆ ಗುಣ ‘ಇಲ್ಲ’ವೇ ಆಗುತ್ತದೆ, ಮುಚ್ಚಿರಬೇಕಾದ ಪೋರ್ಟುಗಳೂ ತೆರೆದುಕೊಳ್ಳುತ್ತವೆ. ನಕಾರವಿಲ್ಲದ ಷರತ್ತಿನಲ್ಲಿ ಅದೇ ಅಕ್ಷರದೋಷ ಏನನ್ನೂ ಮಾಡದೆ ಸುಮ್ಮನಿರುತ್ತಿತ್ತು. ನಕಾರ ಅದನ್ನು ಕ್ರಿಯೆಯಾಗಿ ಬದಲಿಸಿತು. ಸ್ಟ್ರಿಕ್ಟ್‌ಅನ್‌ಡಿಫೈನ್ಡ್ ಎಂಬ ಆಯ್ಕೆಯನ್ನು ಹಾಕಿಕೊಂಡರೆ ಇಂಥ ಹೆಸರು ಸಿಕ್ಕ ಕೂಡಲೇ ಟೆಂಪ್ಲೇಟು ದೋಷ ತೋರಿಸಿ ನಿಲ್ಲುತ್ತದೆ. ಸಾಧನಗಳಿಗೆ ಸಂರಚನೆ ಬರೆಯುವ ಯಾವುದೇ ವ್ಯವಸ್ಥೆಯಲ್ಲಿ ಅದು ಐಚ್ಛಿಕವಾಗಿರಬಾರದು. ಆನ್ಸಿಬಲ್ ಈ ವಿಷಯದಲ್ಲಿ ತನ್ನ 1.3 ಆವೃತ್ತಿಯಿಂದಲೂ ಕಟ್ಟುನಿಟ್ಟಾಗಿದೆ.

ಆದರೆ ಆನ್ಸಿಬಲ್‌ನಲ್ಲಿ ಇರುವ ತೊಡಕು ಬೇರೆ ಬಗೆಯದು. ಆಜ್ಞಾಸಾಲಿನಲ್ಲಿ ಹೆಸರು-ಮೌಲ್ಯ ಜೋಡಿಯಾಗಿ ಕೊಟ್ಟ ವೇರಿಯಬಲ್ಲುಗಳು ಪಠ್ಯವಾಗಿಯೇ ಬರುತ್ತವೆ. ಹಾಗಾಗಿ ‘ಫಾಲ್ಸ್’ ಎಂದು ಕೊಟ್ಟರೂ ಅದು ಐದಕ್ಷರದ ಪಠ್ಯ, ಖಾಲಿಯಲ್ಲ, ಆದ್ದರಿಂದ ನಿಜ. ಆ ವೇರಿಯಬಲನ್ನು ನೇರವಾಗಿ ಷರತ್ತಾಗಿಸಿದರೆ 2.19 ಆವೃತ್ತಿ ‘ಇದು ಬೂಲಿಯನ್ ಅಲ್ಲ’ ಎಂದು ತಡೆಯುತ್ತದೆ. ಅದರ ಎಡಕ್ಕೆ ‘ನಾಟ್’ ಸೇರಿಸಿದರೆ ತಡೆಯುವುದಿಲ್ಲ. ಏಕೆಂದರೆ ನಾಟ್ ಆಪರೇಟರ್ ಎಂಥ ಮೌಲ್ಯವನ್ನು ಕೊಟ್ಟರೂ ಬೂಲಿಯನ್ನನ್ನೇ ಮರಳಿಸುತ್ತದೆ. ಪರೀಕ್ಷಕನ ಕಣ್ಣಿಗೆ ಬೀಳುವ ಹೊತ್ತಿಗೆ ಪಠ್ಯದ ಗುರುತು ಅಳಿಸಿಹೋಗಿರುತ್ತದೆ. ‘ಫಾಲ್ಸ್’ ಎಂದು ಬರೆದ ವ್ಯಕ್ತಿ ಅದರ ನಕಾರ ನಿಜವಾಗುತ್ತದೆಂದು ನಂಬಿರುತ್ತಾನೆ, ಯಂತ್ರ ಅದನ್ನು ಸುಳ್ಳೆಂದು ಓದಿ ಕೆಲಸವನ್ನೇ ಬಿಟ್ಟು ಮುಂದೆ ಹೋಗುತ್ತದೆ. ಬೂಲ್ ಫಿಲ್ಟರಿನ ಮೂಲಕ ಹಾಯಿಸಿದ ನಂತರವೇ ನಕಾರ ಹಾಕುವುದು ಇದಕ್ಕಿರುವ ಮದ್ದು. ಯಾಮಲ್ (ಪ್ಲೇಬುಕ್ಕುಗಳನ್ನು ಬರೆಯುವ ರೂಪ) ಕಡತದಲ್ಲಿ ಬರೆದ ‘ನೋ’ ಪದವೂ ಇದೇ ಬಗೆಯದು: ಯಾಮಲ್ 1.1ರ ನಿಯಮದಂತೆ ಉದ್ಧರಣ ಚಿಹ್ನೆಯಿಲ್ಲದ ‘ನೋ’ ಸುಳ್ಳೆಂಬ ಬೂಲಿಯನ್, 1.2ರ ಮೂಲ ನಿಯಮದಂತೆ ಅದು ಬರಿಯ ಪಠ್ಯ. ಪೈಥಾನಿನ ಪೈಯಾಮಲ್ ಗ್ರಂಥಾಲಯ ಮೊದಲನೆಯದನ್ನು ಅನುಸರಿಸುತ್ತದೆ. ಅದೇ ಕಡತವನ್ನು ಎರಡನೆಯದನ್ನು ಅನುಸರಿಸುವ ಗ್ರಂಥಾಲಯ ಓದಿದ ದಿನ, ಯಾರೂ ಒಂದಕ್ಷರ ಬದಲಿಸದೆಯೇ, ಅದರ ನಕಾರದ ಅರ್ಥ ಬದಲಾಗಿರುತ್ತದೆ.

ಆಪರೇಟರುಗಳ ಆದ್ಯತೆಯ ಬಗ್ಗೆ ಒಂದು ಮಾತು ಸಾಕು. ಸಿ ಭಾಷೆಯಲ್ಲಿ ! ಚಿಹ್ನೆ ಹೋಲಿಕೆಗಿಂತ ಮೊದಲು ನಡೆಯುತ್ತದೆ, ಪೈಥಾನ್ ಮತ್ತು ಜಿಂಜಾದ ‘ನಾಟ್’ ಹೋಲಿಕೆಯ ನಂತರ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಷರತ್ತನ್ನು ನಕಲಿಸುವವರು ಆವರಣ ಹಾಕದಿದ್ದರೆ ಬೇರೆಯೇ ವಾಕ್ಯವನ್ನು ಬರೆದಿರುತ್ತಾರೆ.

ಪರೀಕ್ಷೆಯ ವಿಷಯಕ್ಕೆ ಬಂದರೆ, ನಕಾರವಿರುವ ಪ್ರತಿ ಷರತ್ತನ್ನೂ ಮೌಲ್ಯ ಹೊಂದುವ ಸ್ಥಿತಿಯಲ್ಲಿ, ಹೊಂದದ ಸ್ಥಿತಿಯಲ್ಲಿ, ಮೌಲ್ಯವೇ ಇಲ್ಲದ ಅಥವಾ ಪಟ್ಟಿ ಖಾಲಿಯಿರುವ ಸ್ಥಿತಿಯಲ್ಲಿ ಓಡಿಸಿ ನೋಡಬೇಕು. ಮೂರನೆಯದನ್ನು ಪ್ರಯೋಗಾಲಯದಲ್ಲಿ ಬೇಕೆಂದೇ ಸೃಷ್ಟಿಸಬೇಕಾಗುತ್ತದೆ, ಏಕೆಂದರೆ ಚೆನ್ನಾಗಿ ನಡೆಯುತ್ತಿರುವ ಜಾಲದಲ್ಲಿ ಅದು ಸಾಮಾನ್ಯವಾಗಿ ಎದುರಾಗುವುದಿಲ್ಲ. ರೂಟರ್‌ಓಎಸ್‌ನ ಸೇಫ್ ಮೋಡ್, ಸಂಪರ್ಕ ಅಸಹಜವಾಗಿ ಕಡಿದರೆ ಬದಲಾವಣೆಗಳನ್ನು ಹಿಂತೆಗೆಯುತ್ತದೆ. ಜೂನೋಸ್‌ನ ಕಮಿಟ್ ಕನ್‌ಫರ್ಮ್ಡ್, ಬೇರೆ ಅವಧಿ ಹೇಳದಿದ್ದರೆ, 10 ನಿಮಿಷದೊಳಗೆ ದೃಢಪಡಿಸದ ಬದಲಾವಣೆಯನ್ನು ಹಿಂತೆಗೆಯುತ್ತದೆ. ಎರಡೂ ಅಮೂಲ್ಯವಾದವು, ಆದರೆ ತಪ್ಪಾದ ನಕಾರ ಬಾಗಿಲು ಮುಚ್ಚಿದಾಗ ಮಾತ್ರ ಅವೆರಡೂ ನೆರವಿಗೆ ಬರುತ್ತವೆ. ಬಾಗಿಲು ತೆರೆದುಕೊಂಡಾಗ ಯಾರ ಸಂಪರ್ಕವೂ ಕಡಿಯುವುದಿಲ್ಲ, ಯಾವುದೂ ಹಿಂತೆಗೆಯುವುದಿಲ್ಲ. ಮುಚ್ಚಿದ ಸಂದರ್ಭದಲ್ಲೂ ಒಂದು ಸೂಕ್ಷ್ಮವಿದೆ: ಮೈಕ್ರೋಟಿಕ್‌ನ ಮೂಲ ಸಂರಚನೆಯಲ್ಲಿ, ಈಗಾಗಲೇ ಸ್ಥಾಪಿತವಾದ ಸಂಪರ್ಕಗಳನ್ನು ಬಿಡುವ ನಿಯಮ ಲ್ಯಾನ್ ಪಟ್ಟಿಯನ್ನು ನೋಡುವ ನಿಯಮಕ್ಕಿಂತ ಮೇಲಿದೆ. ಸ್ಕ್ರಿಪ್ಟು ಲ್ಯಾನ್ ಪಟ್ಟಿಯನ್ನು ತಪ್ಪಿ ಖಾಲಿ ಮಾಡಿದರೂ ಎಂಜಿನಿಯರಿನ ಈಗಿನ ಸೆಶನ್ ಏನೂ ಆಗದಂತೆ ನಡೆಯುತ್ತಿರುತ್ತದೆ, ಅದನ್ನು ನಂಬಿ ಅವರು ಸೇಫ್ ಮೋಡಿನಿಂದ ಹೊರಬಂದು ಬದಲಾವಣೆಯನ್ನು ಉಳಿಸುತ್ತಾರೆ, ಮತ್ತೊಮ್ಮೆ ಲಾಗಿನ್ ಆಗಲು ಹೋದಾಗ ರೂಟರ್ ಉತ್ತರಿಸುವುದಿಲ್ಲ. ಆದ್ದರಿಂದ ದೃಢಪಡಿಸುವ ಮುನ್ನ, ತೆರೆದಿರುವ ಸೆಶನ್ನನ್ನು ಹಾಗೆಯೇ ಬಿಟ್ಟು, ಒಳಗಿನಿಂದ ಒಂದು ಮತ್ತು ಹೊರಗಿನಿಂದ ಒಂದು ಹೊಸ ಸಂಪರ್ಕವನ್ನು ಮಾಡಿ ನೋಡಬೇಕು. ಒಳಗಿನದು ಯಶಸ್ವಿಯಾಗಬೇಕು, ಹೊರಗಿನದು ವಿಫಲವಾಗಬೇಕು.